ಹೊಗೆಯ ಮೇಷ್ಟರ ಕಾರು

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಹೇಗೆ ಎಂದು ಹೇಳಿಕೊಡುವುದೇ ನನ್ನ ಹೊಟ್ಟೆಪಾಡು. ಕಾಶಿಯ ಒಂದು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರದ ಮೇಷ್ಟರು ನಾನು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದು ಕೂತ ಕೂಡಲೇ ಆ ಹಳೆಯ ಗುಡ್ಡವನ್ನು ಅವರ ಮುಂದೆ ತಂದು ನಿಲ್ಲಿಸುತ್ತೇನೆ. ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇವೆ. ಆದ್ದರಿಂದ ಗುಡ್ಡದ ಮೇಲೆ ಬೆಂಕಿ ಇದೆ. ಇಷ್ಟನ್ನು ಹೇಳಿ ಮುಗಿಸಲು ನನಗೆ ಒಂದು ತಿಂಗಳು ಬೇಕು, ಅದಕ್ಕೆ ಸಂಬಳವೂ ಬೇಕು. ಇಂಥ ನಾನು, ನನ್ನ ಸ್ವಂತ ಕಾರಿನೊಳಗೆ ತುಂಬುತ್ತಿದ್ದ ಹೊಗೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಒಂದು ಇಡೀ ಚಳಿಗಾಲ ತೆಗೆದುಕೊಂಡೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ನಾನು ಬದನೆಕಾಯಿಯನ್ನೂ ತಿನ್ನಲಿಲ್ಲ, ಹೊಗೆ ತಿಂದೆ.

ಕಾರು ಸಣ್ಣದು, ಪೆಟ್ರೋಲಿನದು, ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಗೋಡೆಯಿಲ್ಲ; ಡಿಕ್ಕಿಯ ಬಾಗಿಲೆತ್ತಿದರೆ ಹಿಂದೆ ಕೂತವರ ತಲೆ ಕಾಣುತ್ತದೆ. ಈ ಊರಿನ ಕನ್ನಡದವರಲ್ಲಿ ಡಾಕ್ಟರುಗಳಿದ್ದಾರೆ, ವಿಜ್ಞಾನಿಗಳಿದ್ದಾರೆ, ಅವರ ಹತ್ತಿರ ನನ್ನದಕ್ಕಿಂತ ದೊಡ್ಡ ಕಾರುಗಳಿವೆ. ಆದರೆ ಅವರಿಗೆ ಬಿಡುವಿಲ್ಲ. ತರ್ಕಶಾಸ್ತ್ರದವನಿಗೆ ಬಿಡುವು ಧಾರಾಳ ಎಂದು ಯಾರೋ ಹೇಗೋ ಕಂಡುಹಿಡಿದು, ಸ್ಟೇಷನ್ನಿಗೆ ಹೋಗುವುದು, ಊರಿಂದ ಬಂದ ನೆಂಟರಿಗೆ ಘಾಟು ತೋರಿಸುವುದು, ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲ ನನ್ನ ತಲೆಗೆ ಕಟ್ಟಿದರು. ಹಾಳೂರಿಗೆ ಉಳಿದವನೇ ಗೌಡ. ನಾನೂ ಆ ಗೌಡಿಕೆಯನ್ನು ಸಂತೋಷದಿಂದಲೇ ಹೊತ್ತುಕೊಂಡೆ, ಸುಳ್ಳು ಯಾಕೆ ಹೇಳಲಿ.

ಹೀಗೆ ನಮ್ಮ ಕಾರು ಹತ್ತಿದವರಲ್ಲಿ ಅಜ್ಜಿ ಒಬ್ಬರು. ನಮಗೆ ರಕ್ತಸಂಬಂಧವಲ್ಲ. ಹಾಸನದ ಕಡೆಯ ಹಳ್ಳಿಯೊಂದರಿಂದ, ಗಂಡ ತೀರಿಕೊಂಡ ಮೇಲೆ, ಕಾಶಿವಾಸಕ್ಕೆಂದು ಬಂದವರು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ದಕ್ಷಿಣದವರ ಹಳೆಯ ಛತ್ರವೊಂದಿದೆ, ಅಲ್ಲಿ ಅವರಿಗೊಂದು ಕೋಣೆ. ಕಾಶಿಯ ಎಲ್ಲೆಯೊಳಗೆ ಉಸಿರು ನಿಂತರೆ ಮತ್ತೆ ಹುಟ್ಟಬೇಕಾಗಿಲ್ಲ, ಆ ಒಂದು ಕೆಲಸಕ್ಕಾಗಿ ತಾವು ಇಲ್ಲಿರುವುದು ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಹಾಲಿನವನು ಬರುವ ಹೊತ್ತಿನ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಸಾವಿನ ಬಗ್ಗೆ ಮಾತಾಡುತ್ತಿದ್ದರು.

“ನಂದು ರಿಸರ್ವೇಶನ್ ಆಗಿದೆ ಕಣಪ್ಪಾ, ರೈಲು ಲೇಟು ಅಷ್ಟೆ” ಅನ್ನುವರು.

ಸೋಮವಾರ ಅವರದು ಒಪ್ಪತ್ತು. ಹಗಲೆಲ್ಲ ಉಪವಾಸವಿದ್ದು ಸಂಜೆ ಒಂದು ಹೊತ್ತು ಊಟ. ಆ ಊಟ ನಮ್ಮ ಮನೆಯಲ್ಲಿ ಆಗಬೇಕು ಎಂದು ನನ್ನ ಹೆಂಡತಿ ಪಟ್ಟು ಹಿಡಿದಿದ್ದಳು. ಅದರಲ್ಲಿ ಪುಣ್ಯದ ಆಸೆ ಎಷ್ಟು, ಅಜ್ಜಿಯ ಕೈಯ ಹುಳಿಯ ಆಸೆ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಸೋಮವಾರ ಮಧ್ಯಾಹ್ನದ ಮೇಲೆ ನನಗೆ ಪಾಠವಿಲ್ಲ. ಕಾರು ತೆಗೆದುಕೊಂಡು ಹೋಗಿ ಗಲ್ಲಿಯ ಬಾಯಲ್ಲಿ ನಿಂತರೆ ಅಜ್ಜಿ ಬರುತ್ತಿದ್ದರು. ಲಂಕಾ ಎಂಬ ಬಡಾವಣೆಯ ಹತ್ತಿರದ ನಮ್ಮ ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಡಿಯುಟ್ಟು, ಅಡುಗೆ ಮಾಡಿ, ನಮಗೆ ಬಡಿಸಿ ತಾವೂ ಉಣ್ಣುತ್ತಿದ್ದರು.

ಅಜ್ಜಿ ಒಬ್ಬರೇ ಬರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರ ಜೊತೆ ಒಂದು ಮಡಿಕೋಲೂ ಬರುತ್ತಿತ್ತು. ಒಗೆದ ಸೀರೆಯನ್ನು ಯಾರ ಮೈಯೂ ತಾಕದ ಎತ್ತರದಲ್ಲಿ ಹರವುವುದಕ್ಕೆ, ಒಣಗಿದ ಮೇಲೆ ಇಳಿಸುವುದಕ್ಕೆ ಇಟ್ಟುಕೊಂಡ ಉದ್ದನೆಯ ಬಿದಿರು ಕೋಲು ಅದು. ಅವರ ಅತ್ತೆ ಬಳಸಿದ್ದು. ಊರಿನಿಂದ ರೈಲಿನಲ್ಲಿ, ಬರ್ತಿನ ಕೆಳಗೆ ಮಲಗಿಸಿಕೊಂಡು ತಂದಿದ್ದರು. ನಮ್ಮ ಮನೆಯಲ್ಲೂ ಒಂದು ಕೋಲಿತ್ತು. ಅದರಿಂದ ನನ್ನ ಹೆಂಡತಿ ಜೇಡರಬಲೆ ತೆಗೆಯುತ್ತಾಳೆ ಎಂದು ಅಜ್ಜಿಗೆ ಮೊದಲ ಸೋಮವಾರವೇ ಗೊತ್ತಾಗಿಹೋಯಿತು. ಅಲ್ಲಿಗೆ ನಮ್ಮ ಕೋಲಿನ ಮಾನ ಮುಗಿಯಿತು.

ಆ ಕೋಲನ್ನು ಕಾರಿನಲ್ಲಿ ಸಾಗಿಸುವುದು ಒಂದು ಶಾಸ್ತ್ರವೇ ಆಯಿತು. ಮಾಡಿನ ಮೇಲೆ ಕಟ್ಟೋಣವೆಂದರೆ ಕೋತಿ ಮುಟ್ಟುತ್ತದೆ, ಕಾಗೆ ಕೂರುತ್ತದೆ. ಮುಂದಿನ ಸೀಟಿನವರೆಗೂ ಚಾಚೋಣವೆಂದರೆ ಗೇರು ಹಾಕುವಾಗ ನನ್ನ ಕೈ ತಾಕುತ್ತದೆ, ನನ್ನ ಕೈಯೇನು ಮಡಿಯೇ? ಕೊನೆಗೆ ಹಿಂದಿನ ಸೀಟನ್ನು ಅರ್ಧ ಮಡಚಿ, ಕೋಲನ್ನು ಡಿಕ್ಕಿಯಿಂದ ಒಳಗೆ ಮಲಗಿಸಿ, ಉಳಿದರ್ಧದಲ್ಲಿ ಅಜ್ಜಿಯನ್ನು ಕೂರಿಸಿದೆ. ಕೋಲಿನ ತುದಿ ನಾಲ್ಕು ಬೆರಳಿನಷ್ಟು ಹೊರಗೆ ಉಳಿಯಿತು. ಡಿಕ್ಕಿ ಪೂರ್ತಿ ಮುಚ್ಚಲಿಲ್ಲ. ಹಳೆಯ ಪಂಚೆಯ ಅಂಚನ್ನು ಹರಿದು ಬಾಗಿಲನ್ನು ಕೆಳಗಿನ ಕೊಂಡಿಗೆ ಬಿಗಿದೆ. ಗಂಟು ನೋಡಿ ನನಗೇ ಮೆಚ್ಚುಗೆಯಾಯಿತು. ಮಡಿಯೂ ಕೆಡಲಿಲ್ಲ, ಕೋಲೂ ಬೀಳಲಿಲ್ಲ, ಇದಕ್ಕಿಂತ ಹೆಚ್ಚು ಒಬ್ಬ ಮೇಷ್ಟರಿಂದ ಏನು ಬಯಸುತ್ತೀರಿ?

ವಾಸನೆಯನ್ನು ಮೊದಲು ಹಿಡಿದದ್ದು ನನ್ನ ಹೆಂಡತಿ. ಚಳಿ ಶುರುವಾಗಿ ಕಿಟಕಿ ಏರಿಸಿಕೊಂಡು ಓಡಾಡುವ ದಿನಗಳು ಬಂದಿದ್ದವು. ಒಂದು ಸೋಮವಾರ ಅಜ್ಜಿಯನ್ನು ಕರೆತರಲು ಅವಳೂ ಬಂದಿದ್ದಳು. ಕಾರು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ರೀ, ಕಾರೊಳಗೆ ಸೈಲೆನ್ಸರ್ ವಾಸನೆ ಬರ್ತಿದೆ.”

“ಹೊರಗಿನದು. ಹರಿಶ್ಚಂದ್ರ ಘಾಟಿನ ತಿರುವು ಬಂತಲ್ಲ, ಅಲ್ಲಿಯ ಹೊಗೆ” ಎಂದೆ.

“ಹೆಣ ಸುಡೋ ವಾಸನೆ ಯಾವುದು, ಪೆಟ್ರೋಲ್ ಸುಟ್ಟ ವಾಸನೆ ಯಾವುದು ನಂಗೆ ಗೊತ್ತಾಗಲ್ವಾ?”

“ಹೊರಗಿನದಲ್ಲ ಅನ್ನೋದಕ್ಕೆ ನಿನ್ನ ಹತ್ತಿರ ಆಧಾರ ಏನಿದೆ?”

“ಮೂಗಿದೆ” ಎಂದಳು.

ಹಿಂದಿನಿಂದ ಅಜ್ಜಿ ನಮ್ಮ ಜಗಳ ಬಿಡಿಸಿದರು. “ಇರ್ಲಿ ಬಿಡೇ ತಾಯಿ, ಯಾರೋ ಪುಣ್ಯಾತ್ಮರು ಹೋಗ್ತಿದ್ದಾರೆ. ನಮ್ಮದೂ ಒಂದಿನ ಹೀಗೇ ಹೊಗೆಯಾಗೋದೇ ಅಲ್ವಾ” ಎಂದು ಕಣ್ಣುಮುಚ್ಚಿ, ಕೈಜೋಡಿಸಿ, ಎದೆತುಂಬ ಉಸಿರೆಳೆದುಕೊಂಡರು. ಕನ್ನಡಿಯಲ್ಲಿ ಅದನ್ನು ನೋಡಿ ನನಗೆ ಭಕ್ತಿಯೇ ಬಂತು. ನಾನೂ ಒಂದು ಉಸಿರು ಎಳೆದೆ.

ಮನೆಗೆ ಹೋದ ಮೇಲೆ ನನ್ನ ವಾದವನ್ನು ಹೆಂಡತಿಯ ಮುಂದೆ ಕ್ರಮವಾಗಿ ಮಂಡಿಸಿದೆ. ಮಂಗಳವಾರ ವಾಸನೆಯಿಲ್ಲ, ಬುಧವಾರ ಇಲ್ಲ, ಸೋಮವಾರ ಮಾತ್ರ ಇದೆ. ಸೋಮವಾರ ಮಾತ್ರ ನಾವು ಮಸಣದ ತಿರುವಿನಲ್ಲಿ ಹಾದು ಬರುತ್ತೇವೆ. ಆದ್ದರಿಂದ ವಾಸನೆ ಮಸಣದ್ದು. ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ, ಸೋಮವಾರ ಮಾತ್ರ ಇರುವುದು ಇನ್ನೂ ಏನೇನಿದೆ ನೋಡಿದೆಯಾ ಎಂದು ಕಿವಿ ಹಿಂಡುತ್ತಿದ್ದೆ. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ. ಇದ್ದವಳು ಒಬ್ಬಳು, ಅವಳು “ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ” ಎಂದು ಅಡುಗೆಮನೆಗೆ ಎದ್ದುಹೋದಳು.

ಅಂದಿನಿಂದ ಅವಳು ಸೋಮವಾರ ಕಾರು ಹತ್ತುವುದನ್ನು ಬಿಟ್ಟಳು. ಎಲ್ಲಿಗಾದರೂ ಹೋಗಬೇಕಿದ್ದರೆ ಬ್ಯಾಟರಿ ರಿಕ್ಷಾ, ಅಂದರೆ ಟೋಟೋ, ಹಿಡಿಯುತ್ತಿದ್ದಳು. ಟೋಟೋದಲ್ಲಿ ಹೊಗೆ ಇಲ್ಲವೇ ಎಂದು ಕೆಣಕಿದರೆ, “ಅಲ್ಲಿ ಇಡೀ ಬನಾರಸ್‌ನವರ ಹೊಗೆ ಕುಡೀತೀನಿ, ಪಾಲು ಹಂಚಿಹೋಗತ್ತೆ. ನಿಮ್ಮ ಕಾರಲ್ಲಿ ಎಲ್ಲಾ ನನ್ನೊಬ್ಬಳಿಗೇ” ಅನ್ನುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅವಳು ಒಂದೇ ಒಂದು ಸೋಮವಾರ ಕೂತು, “ಅಪ್ಪಾ, ಯೇ ಗಾಡಿ ನಹೀಂ, ಚಲ್ತಾ ಫಿರ್‌ತಾ ಜನರೇಟರ್ ಹೈ” ಎಂದು, ಇದು ಕಾರಲ್ಲ, ಓಡಾಡುವ ಜನರೇಟರ್ ಎಂದು ತೀರ್ಪು ಕೊಟ್ಟು ಇಳಿದಳು.

ಮನೆಯವರ ಬಾಯಿ ಮುಚ್ಚಿಸಲು ಒಂದು ದಿನ ಕಾರನ್ನು ಗ್ಯಾರೇಜಿಗೆ ಒಯ್ದೆ. ಅದು ಗುರುವಾರ. ಕೋಲಿಲ್ಲ, ಡಿಕ್ಕಿ ಭದ್ರವಾಗಿ ಮುಚ್ಚಿತ್ತು. ಮೆಕ್ಯಾನಿಕ್ ಮಹಾಶಯ ಎಂಜಿನ್ ಶುರುಮಾಡಿ, ಕೆಳಗೆ ಬಗ್ಗಿ, ಒಳಗೆ ಕೂತು ಮೂಸಿ, ಪಾನ್ ಉಗಿದು ಬಂದು ಹೇಳಿದ: “ಗುರೂಜೀ, ಗಾಡಿ ಏಕ್‌ದಮ್ ಟನಾಟನ್ ಹೌ. ಈ ಮಹಕ್ ಗಾಡಿ ಕ ನಾಹೀಂ, ಬನಾರಸ್ ಕ ಹೌ.” ಗಾಡಿಗೇನೂ ಆಗಿಲ್ಲ, ಈ ವಾಸನೆ ಊರಿನದು ಎಂದು. ನನಗೆ ಅವನ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. ನನ್ನ ಅಭಿಪ್ರಾಯವನ್ನೇ ಇನ್ನೊಬ್ಬರ ಬಾಯಿಂದ ಕೇಳಿದಾಗಲೆಲ್ಲ ನನಗೆ ಹಾಗಾಗುತ್ತದೆ. ಅವನು ಮಾರಿದ ಮಲ್ಲಿಗೆ ಸೆಂಟಿನ ಸೀಸೆಯನ್ನೂ ಕೊಂಡು ಕಾರಿನ ಮುಂದೆ ಅಂಟಿಸಿದೆ.

ಮುಂದಿನ ಸೋಮವಾರ ಕಾರಿನಲ್ಲಿ ಹೊಗೆಯ ಜೊತೆ ಮಲ್ಲಿಗೆಯೂ ಸೇರಿಕೊಂಡಿತು. ನಾನು ಬಿಡಲಿಲ್ಲ. ಕರ್ಪೂರ ಇಟ್ಟೆ. ಸೀಟಿನ ಕೆಳಗೆ ನಿಂಬೆಹಣ್ಣು ಹೆಚ್ಚಿ ಇಟ್ಟು, ಮರೆತು, ಅದು ಕೊಳೆತ ಮೇಲೆ ಬೇರೆ ವಾಸನೆಯ ತನಿಖೆ ನಡೆಸಬೇಕಾಯಿತು. ಕಾಫಿಪುಡಿ ಯಾವ ವಾಸನೆಯನ್ನಾದರೂ ಹೀರುತ್ತದೆ ಎಂದು ಯಾರೋ ಹೇಳಿದ್ದರಿಂದ, ಹೆಂಡತಿಯ ಅಕ್ಕ ಮೈಸೂರಿನಿಂದ ಕಳಿಸಿದ್ದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದೆ ನೇತುಹಾಕಿದೆ. ಒಳ್ಳೆಯ ಕಾಫಿಪುಡಿ ಸಿಗದ ಈ ಊರಿನಲ್ಲಿ ಇದು ಎಂಥ ಅಪರಾಧ ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ, ಕಾಫಿಯೂ ಇರಲಿಲ್ಲ.

ಇಷ್ಟು ಸಾಲದೆಂದು, ಹೊರಗಿನ ಹೊಗೆ ಒಳಗೆ ಬಾರದಿರಲಿ ಎಂದು ಕಿಟಕಿಗಳನ್ನು ಬಿಗಿಯಾಗಿ ಏರಿಸಿ, ಗಾಳಿಯ ಗುಂಡಿಯನ್ನೂ ಒಳಗಿನ ಗಾಳಿಯೇ ಸುತ್ತುವ ಕಡೆಗೆ ತಿರುಗಿಸಿಟ್ಟೆ. ಮನೆಯೊಳಗೆ ಕಳ್ಳನನ್ನು ಕೂಡಿಹಾಕಿಕೊಂಡು ಹೊರಬಾಗಿಲಿಗೆ ಬೀಗ ಜಡಿದೆ ಎಂದು ಆಗ ತಿಳಿಯಲಿಲ್ಲ.

ಇನ್ನೊಂದು ಸಂಗತಿ ಇದೆ, ಬರೆಯಲು ನಾಚಿಕೆಯಾಗುತ್ತದೆ. ಸೋಮವಾರದ ಆ ಸವಾರಿಗಳಲ್ಲಿ ಅಜ್ಜಿ ನಿದ್ದೆ ಹೋಗುತ್ತಿದ್ದರು. ಹತ್ತಿದಾಗ ಲವಲವಿಕೆಯಿಂದ ಛತ್ರದ ಸುದ್ದಿ ಹೇಳುತ್ತಿದ್ದವರು ಅಸ್ಸಿಯ ಚೌಕ ದಾಟುವಷ್ಟರಲ್ಲಿ ತೂಕಡಿಸುತ್ತಿದ್ದರು. ಇಳಿಯುವಾಗ “ತಲೆ ಭಾರ ಕಣಪ್ಪಾ” ಅನ್ನುತ್ತಿದ್ದರು. ಉಪವಾಸವಲ್ಲವೇ, ಇರುತ್ತದೆ ಅಂದುಕೊಂಡೆ. ನಿದ್ದೆಯ ಕೀರ್ತಿಯನ್ನು ಮಾತ್ರ ನನಗೇ ಇಟ್ಟುಕೊಂಡೆ. ಎಮ್ಮೆ, ಟೋಟೋ, ಗೂಳಿ, ಶವಯಾತ್ರೆ ಎಲ್ಲದರ ನಡುವೆ ತೊಟ್ಟಿಲು ತೂಗಿದ ಹಾಗೆ ಕಾರು ಓಡಿಸುತ್ತೇನೆ, ಮುದುಕಿಗೂ ನಿದ್ದೆ ಬರುತ್ತದೆ ಎಂದು ನಾನು ಡಿಪಾರ್ಟ್‌ಮೆಂಟಿನಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು.

ಮಾಘ ಮಾಸ ಬಂತು. ಗಂಗೆಯ ಆಚೆ ದಡದಲ್ಲಿ ರಾಮನಗರ. ಹಿಂದೆ ಒಬ್ಬ ಋಷಿ ಶಿವನ ಮೇಲೆ ಮುನಿಸಿಕೊಂಡು ಆಚೆ ದಡದಲ್ಲಿ ತನ್ನದೇ ಇನ್ನೊಂದು ಕಾಶಿ ಕಟ್ಟಲು ಹೊರಟನಂತೆ. ಆ ಕಾಶಿಗೆ ಒಂದು ಶಾಪ ತಗುಲಿಕೊಂಡಿತು: ಈಚೆ ಸತ್ತವರಿಗೆ ಮೋಕ್ಷ, ಆಚೆ ಸತ್ತವರಿಗೆ ಕತ್ತೆಯ ಜನ್ಮ. ಆದರೂ ಮಾಘದಲ್ಲಿ ಒಂದು ಸೋಮವಾರ ಆಚೆ ಹೋಗಿ ಆ ಋಷಿಗೆ ಕೈಮುಗಿದು ಬರದಿದ್ದರೆ ಕಾಶಿವಾಸದ ಫಲ ಪೂರ್ತಿಯಾಗದು ಎಂದು ಛತ್ರದಲ್ಲಿ ಮಾತು. ಅಜ್ಜಿ ಹಿಂದೆ ಎಂದೂ ಹೋಗಿರಲಿಲ್ಲ, ಆಚೆ ದಡವೆಂದರೆ ಅವರಿಗೆ ಅಷ್ಟು ಭಯ. ನನ್ನ ಕಾರು ಇದೆಯೆಂಬ ಧೈರ್ಯದಿಂದ ಈ ಸಲ ಒಪ್ಪಿದರು.

“ಹೋಗೋಣ. ಆದ್ರೆ ಬೆಳಕಿರೋವಾಗ್ಲೇ ವಾಪಸ್ ಸೇತುವೆ ದಾಟಿಸ್ಬೇಕು. ನನ್ನ ವಯಸ್ಸಿನವರದ್ದು ಯಾವಾಗ ಏನೋ ಹೇಳಕ್ಕಾಗಲ್ಲ. ಅಲ್ಲಿ ಮಾತ್ರ ಉಸಿರು ಬಿಡಬಾರ್ದು. ನಿನ್ನನ್ನ ನಂಬಿದೀನಿ ಕಣಪ್ಪಾ.”

“ಅಜ್ಜಿ, ನನ್ನ ಕಾರಿನಲ್ಲಿ ನಿಮಗೆ ನಿದ್ದೆ ಬರಬಹುದು, ಸಾವು ಬರಲ್ಲ” ಎಂದೆ.

ಆ ದಿನ ನನ್ನ ಹೆಂಡತಿಯೂ ಬಂದಳು. ನನ್ನ ಕಾರಿನ ಮೇಲೆ ಪ್ರೀತಿ ಹುಟ್ಟಿ ಅಲ್ಲ. ಭಾರಿ ನೆಗಡಿಯಾಗಿ ಅವಳ ಮೂಗು ಕಟ್ಟಿತ್ತು, ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. “ಇವತ್ತೊಂದಿನ ಬರಬಹುದು” ಎಂದು ಮುಂದಿನ ಸೀಟಿನಲ್ಲಿ ಕೂತಳು. ದರ್ಶನ ಮುಗಿಸಿ ನೇರ ನಮ್ಮ ಮನೆಗೆ ಬಂದು ಅಡುಗೆ ಎಂದು ತೀರ್ಮಾನವಾಗಿದ್ದರಿಂದ ಮಡಿಕೋಲೂ ಬಂತು. ನಾನು ನನ್ನ ಮೆಚ್ಚಿನ ಗಂಟು ಹಾಕಿದೆ. ಎಲುಬು ಕೊರೆಯುವ ಚಳಿ. ಕಿಟಕಿ ಏರಿಸಿ, ಬಿಸಿಗಾಳಿ ಹಚ್ಚಿ ಹೊರಟೆವು.

ದರ್ಶನ ಚೆನ್ನಾಗಿಯೇ ಆಯಿತು. ಅಜ್ಜಿ ಗುಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೈಮುಗಿದು, ಪ್ರದಕ್ಷಿಣೆ ಹಾಕಿ, “ನಡಿ ನಡಿ, ದಾಟಿಬಿಡೋಣ” ಎಂದು ಅವಸರಪಡಿಸಿದರು. ಹಿಂತಿರುಗುವಾಗ ಸೇತುವೆಗೆ ಇನ್ನೂ ಸ್ವಲ್ಪ ದೂರವಿದ್ದ ಹಾಗೆ ಎದುರಿಗೆ ಮದುವೆಯ ಬಾರಾತ್ ಸಿಕ್ಕಿತು. ಕುದುರೆಯ ಮೇಲೆ ಮದುಮಗ, ಮುಂದೆ ಬ್ಯಾಂಡು, ಅದರ ಮುಂದೆ ಕುಣಿಯುವ ಭಾವಮೈದುನರು. ರಸ್ತೆ ಕಟ್ಟಿಹೋಯಿತು. ಎಂಜಿನ್ ಆರಿಸಿದರೆ ಬಿಸಿಗಾಳಿ ನಿಲ್ಲುತ್ತದೆ, ಅಜ್ಜಿಗೆ ಚಳಿಯಾಗುತ್ತದೆ ಎಂದು ಆರಿಸದೆ ನಿಂತೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಒಂದು ದಡಕ್ಕೂ ಇನ್ನೊಂದು ದಡಕ್ಕೂ ತರ್ಕದ ದೃಷ್ಟಿಯಿಂದ ಭೇದವಿದೆಯೇ ಎಂದು ಒಂದು ಉಪನ್ಯಾಸ ಶುರುಮಾಡಿದೆ. ನನ್ನ ತಲೆಯೂ ಸಿಡಿಯುತ್ತಿತ್ತು. ಬ್ಯಾಂಡಿನ ಗಲಾಟೆ ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅಜ್ಜಿಯ ತಲೆ ಒಂದು ಕಡೆ ವಾಲಿತ್ತು. ಬಂತಲ್ಲ ನಿದ್ದೆ, ಎಂದು ಒಳಗೊಳಗೇ ಹಿಗ್ಗಿದೆ.

“ಅಜ್ಜಿ” ಎಂದು ಹೆಂಡತಿ ಹಿಂದೆ ತಿರುಗಿ ಕರೆದಳು. ತೋಳು ಹಿಡಿದು ಅಲುಗಿಸಿದಳು. ಕೈ ಜೋತುಬಿತ್ತು.

“ರೀ, ಅಜ್ಜಿ ಮಾತಾಡ್ತಿಲ್ಲ! ಬಾಗಿಲು ತೆಗೀರಿ! ರೀ!”

ನಾಲ್ಕೂ ಬಾಗಿಲು ತೆಗೆದವಳು ಅವಳೇ. ಅಜ್ಜಿಯ ಕಾಲು ಮೇಲೆತ್ತಿ, ಮುಖ ಹೊರಗಿನ ಗಾಳಿಗೆ ಬರುವಂತೆ ಸೀಟಿನ ಮೇಲೆ ಮಲಗಿಸಿ, ಕೆನ್ನೆ ತಟ್ಟುತ್ತ ಕೂಗಿದಳು. ಮಡಿ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು. ನಾನು ಅಜ್ಜಿಯ ಪಾದ ಹಿಡಿದುಕೊಂಡು ನಿಂತಿದ್ದೆ. ಅವರು ಸಾಯಬಾರದು ಎಂದು ಬೇಡಿಕೊಂಡೆ, ಆಮೇಲೆ ಇಲ್ಲಿ ಸಾಯಬಾರದು ಎಂದು ಬೇಡಿಕೊಂಡೆ. ಇದ್ದುದನ್ನೆಲ್ಲ ಬಿಟ್ಟು ಬಂದು, ಇಷ್ಟು ವರ್ಷ ಒಂದೇ ಒಂದು ವಿಷಯಕ್ಕೆ ಕಾದು ಕೂತವರನ್ನು ನಾನು ಕರೆತಂದು ಈ ದಡದಲ್ಲಿ ಕೆಡವಿದೆನಲ್ಲ. ದಡಕ್ಕೂ ದಡಕ್ಕೂ ಭೇದವಿಲ್ಲ ಎಂದು ಆಗತಾನೇ ಸಾಧಿಸಿದ್ದವನು ನಾನೇ.

ಕೊಂಚ ಹೊತ್ತಿಗೆ ಅಜ್ಜಿ ಕೆಮ್ಮಿದರು. ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟು ಸುತ್ತ ನೋಡಿದರು.

“ದಾಟಿದ್ವಾ?” ಎಂದರು.

“ದಾಟಿದ್ವಿ ಅಜ್ಜಿ” ಎಂದೆ.

ಅವರು ತಲೆ ಹೊರಳಿಸಿ, ಇನ್ನೂ ಮುಂದೆ ಇದ್ದ ಸೇತುವೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಕತ್ತೆ ಮಾಡಿಬಿಡ್ತಿದ್ದೆಯಲ್ಲೋ ನನ್ನ” ಎಂದರು. ದನಿಯಲ್ಲಿ ಶಕ್ತಿ ಇರಲಿಲ್ಲ. ಕೋಪಕ್ಕೆ ಬೇಕಾದಷ್ಟು ಮಾತ್ರ ಇತ್ತು.

ಕಾರಿಗೆ ಇನ್ನು ಕಾಲಿಡುವುದಿಲ್ಲ ಎಂದರು. ಇಡಿಸುವ ಮನಸ್ಸು ನನ್ನ ಹೆಂಡತಿಗೂ ಇರಲಿಲ್ಲ. ಬಾರಾತಿನ ಪಕ್ಕದಲ್ಲಿ ನುಸುಳಿಕೊಂಡು ಹೋಗುತ್ತಿದ್ದ ಟೋಟೋ ಒಂದನ್ನು ನಿಲ್ಲಿಸಿ, ಅಜ್ಜಿಯನ್ನು ಅದರಲ್ಲಿ ಕೂರಿಸಿ, ಶಾಲು ಸುತ್ತಿ ತಬ್ಬಿಕೊಂಡು, “ಯೂನಿವರ್ಸಿಟಿ ಆಸ್ಪತ್ರೆಗೆ ಹೋಗ್ತೀವಿ, ಎಮರ್ಜೆನ್ಸಿಗೆ ಬನ್ನಿ” ಎಂದು ಹೊರಟೇ ಹೋದಳು. ಅವರು ಹೋದ ಕಡೆಗೇ ನೋಡುತ್ತ ನಾನು ಕಾರಿನ ಹಿಂದೆ ನಿಂತೆ.

ಆಗ ಕಂಡಿತು. ಎಂಜಿನ್ ಇನ್ನೂ ಓಡುತ್ತಿತ್ತು. ಚಳಿಗೆ ಸೈಲೆನ್ಸರಿನ ಹೊಗೆ ಬೆಳ್ಳಗೆ, ದಪ್ಪಗೆ, ಕಣ್ಣಿಗೆ ಕಟ್ಟುವ ಹಾಗೆ ಹೊರಡುತ್ತಿತ್ತು. ಅದು ಮೇಲೆದ್ದು ಗಾಳಿಯಲ್ಲಿ ಕರಗುತ್ತಿರಲಿಲ್ಲ. ಬಂಪರಿಗೆ ಒರಗಿಕೊಂಡು ಮೇಲೇರಿ, ನನ್ನ ಮೆಚ್ಚಿನ ಗಂಟಿನ ಪಕ್ಕದಲ್ಲಿ, ಮಡಿಕೋಲಿಗಾಗಿ ನಾನು ಬಿಟ್ಟ ನಾಲ್ಕು ಬೆರಳಿನ ಸಂದಿಯಿಂದ ಕಾರಿನೊಳಗೆ ಹೋಗುತ್ತಿತ್ತು. ಗುಡ್ಡವಿರಲಿಲ್ಲ, ಊಹೆಗೆ ಕೆಲಸವಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸೋಮವಾರ ಮಾತ್ರ ವಾಸನೆ, ಯಾಕೆಂದರೆ ಸೋಮವಾರ ಮಾತ್ರ ಕೋಲು. ಅದನ್ನು ಕಟ್ಟುತ್ತಿದ್ದವನು ನಾನು, ಆಮೇಲೆ ಕಿಟಕಿ ಏರಿಸುತ್ತಿದ್ದವನೂ ನಾನೇ.

ಗಂಟು ಬಿಚ್ಚಿ, ಕೋಲನ್ನು ಎಳೆದು, ಡಿಕ್ಕಿಯನ್ನು ಬಡಿದು ಮುಚ್ಚಿದೆ. ಕೋಲು ಮುಟ್ಟಿಬಿಟ್ಟೆ ಎಂದು ಆಮೇಲೆ ಹೊಳೆಯಿತು. ಆದದ್ದಾಯಿತು ಎಂದು ಅದನ್ನು ಮುಂದಿನ ಸೀಟಿನಿಂದ ಕಿಟಕಿಯ ಹೊರಗೆ ಚಾಚಿ, ನಾಲ್ಕೂ ಕಿಟಕಿ ಇಳಿಸಿ, ಚಳಿಯಲ್ಲಿ ಗಡಗಡ ನಡುಗುತ್ತ ಹೊರಟೆ. ಬಾರಾತಿನಲ್ಲಿ ಕುಣಿಯುತ್ತಿದ್ದವನೊಬ್ಬ ಬಗ್ಗಿ ನೋಡಿ, “ಗುರೂ, ಝಂಡಾ ಕಹಾಂ ಹೌ?” ಎಂದ. ಬಾವುಟ ಎಲ್ಲಿ ಎಂದು. ಇದ್ದಿದ್ದರೆ ಅದರಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಅಜ್ಜಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ನಮ್ಮಿಬ್ಬರನ್ನೂ ಕೂರಿಸಿ ಪರೀಕ್ಷೆ ಮಾಡಿ, ಸ್ವಲ್ಪ ಹೊತ್ತು ಮುಖವಾಡ ಹಾಕಿದರು. ಡಾಕ್ಟರು ನಮ್ಮ ಕಡೆಯ ಹೆಣ್ಣುಮಗಳು, ಕನ್ನಡದಲ್ಲೇ ಬಿಡಿಸಿ ಹೇಳಿದರು. ಕೊಲ್ಲುವ ಅನಿಲಕ್ಕೆ ವಾಸನೆಯೇ ಇಲ್ಲವಂತೆ. ಹೊಗೆಯಲ್ಲಿ ಅದರ ಜೊತೆ ಬರುವ ಉಳಿದವಕ್ಕೆ ವಾಸನೆ ಇರುತ್ತದೆ, ಅದೇ ನಮ್ಮ ಪುಣ್ಯವಂತೆ. “ವಾಸನೆ ಬಂದ್ರೆ, ತಲೆ ಭಾರ ಆದ್ರೆ, ನಿದ್ದೆ ಬಂದ್ರೆ, ಮೊದಲು ಗಾಡಿ ನಿಲ್ಲಿಸಿ ಹೊರಗೆ ಬರಬೇಕು ಸರ್. ನಿಮಗೆ ಯಾರೂ ಹೇಳಿರಲಿಲ್ವಾ?” ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಮುಖವಾಡದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಮುಖವಾಡವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ, ಮಾತಾಡುವ ಅಗತ್ಯ ಬೀಳದಿರಲಿ ಎಂದು.

ಮಾರನೆಯ ದಿನ ಅಜ್ಜಿಯನ್ನು ಕಳಿಸಿಕೊಟ್ಟರು. ನಮ್ಮ ಮನೆಯಲ್ಲೇ ಕೆಲವು ದಿನ ಇದ್ದು, ಹೊಗೆ ಒಳಗೆ ಬಂದ ದಾರಿಯನ್ನು ನನ್ನ ಬಾಯಿಂದಲೇ ಕೇಳಿಕೊಂಡು, ಚೇತರಿಸಿಕೊಂಡು ಛತ್ರಕ್ಕೆ ಹೋದರು, ಟೋಟೋದಲ್ಲಿ, ಕೋಲಿನ ಸಮೇತ. ಅವರು ಹೋದ ಸಂಜೆ ನಾನು ಹೆಂಡತಿಗೆ ಹೇಳಿದೆ, “ಸೇತುವೆ ದಾಟೋವರೆಗೂ ಪಾಪ ಅಜ್ಜಿಗೆ ಎಷ್ಟು ಭಯ ಇತ್ತೋ. ಈಚೆ ಬಂದ ಮೇಲೆ ನೆಮ್ಮದಿಯಾಗಿರಬೇಕು.”

ಅವಳು ಹೇಳಿದಳು. “ಟೋಟೋ ಸೇತುವೆ ಇಳೀತಿದ್ದ ಹಾಗೆ ನಾನೂ ಸಮಾಧಾನಕ್ಕೆ ಅಂದೆ, ‘ಅಜ್ಜಿ, ಕಾಶಿ ಬಂತು, ಇನ್ನು ಹೆದರಬೇಡಿ’ ಅಂತ. ಅಜ್ಜಿ ಏನಂದ್ರು ಗೊತ್ತಾ? ‘ಬಂತಾ? ಹಾಗಾದ್ರೆ ಬೇಗ ಹೋಗಕ್ಕೆ ಹೇಳೇ, ಆಸ್ಪತ್ರೆ ಇನ್ನೆಷ್ಟು ದೂರ’ ಅಂದ್ರು. ನನ್ನ ಕೈ ಬಿಡಲೇ ಇಲ್ಲ ಕಣ್ರೀ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರು.”

ಕಾರನ್ನು ನಾನು ಸುಮ್ಮನೆ ನಿಲ್ಲಿಸಿಬಿಟ್ಟೆ. ಡಿಕ್ಕಿಯ ಸುತ್ತಲಿನ ರಬ್ಬರು ಗಂಟಿನ ಎಳೆತಕ್ಕೆ ಕಿತ್ತುಬಂದಿತ್ತು, ಅದನ್ನು ಹೊಸದು ಹಾಕಿಸಿದೆ. ಸೆಂಟಿನ ಸೀಸೆ ಎಸೆದೆ. ಮುಂದಿನ ಸೋಮವಾರಕ್ಕೆ ಮೊದಲು ಛತ್ರಕ್ಕೆ ಫೋನು ಮಾಡಿ, ಅಜ್ಜಿಗೆ ಟೋಟೋ ಕಳಿಸಲೇ ಎಂದು ಕೇಳಿದೆ.

“ಟೋಟೋದಲ್ಲಿ ಚಳಿ. ಕಾರೇ ತಗೊಂಬಾ” ಎಂದರು.

ಗಲ್ಲಿಯ ಬಾಯಲ್ಲಿ ಅಜ್ಜಿ ಕಾದು ನಿಂತಿದ್ದರು. ಕೈಯಲ್ಲಿ ಮಡಿಕೋಲು. ಏನೋ ವ್ಯತ್ಯಾಸ ಕಂಡಿತು, ಏನೆಂದು ಹತ್ತಿರ ಹೋದ ಮೇಲೆ ತಿಳಿಯಿತು. ಕೋಲು ಗಿಡ್ಡವಾಗಿತ್ತು. ತಲೆಯ ಕಡೆ ಹೊಸದಾಗಿ ಕುಯ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

“ಛತ್ರದ ಬಾಗಿಲು ಸರಿಮಾಡಕ್ಕೆ ಬಡಗಿ ಬಂದಿದ್ದ. ಕುಯ್ಯಿಸಿಬಿಟ್ಟೆ” ಎಂದರು. “ಸೀರೆ ಒಂದು ಮೊಳ ಕೆಳಗೆ ಒಣಗತ್ತೆ, ಅಷ್ಟೇ ತಾನೆ.”

“ನಿಮ್ಮ ಅತ್ತೆಯವರ ಕಾಲದ್ದಲ್ವಾ ಅಜ್ಜಿ?” ಎಂದೆ.

“ಅತ್ತೆ ಹೋಗಿ ಎಷ್ಟೋ ಕಾಲ ಆಯ್ತು. ನಾನಿನ್ನೂ ಇದ್ದೀನಲ್ಲ” ಎಂದರು.

ಕೋಲನ್ನು ತಾವೇ ಡಿಕ್ಕಿಯಲ್ಲಿ ಮಲಗಿಸಿ ಪಕ್ಕಕ್ಕೆ ಸರಿದು ನಿಂತರು. ನಾನು ಬಾಗಿಲು ಮುಚ್ಚಿದೆ. ಭದ್ರವಾಗಿ ಕೂತಿತು. ಅಜ್ಜಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಯಾರು ಯಾರು ಮುಟ್ಟಿದ ಕಾರೋ ಎಂದು ನೋಡದೆ ಅಜ್ಜಿ ಮುಂದೆ ಬಂದು ಎರಡೂ ಕೈಯಿಂದ ಬಾಗಿಲನ್ನು ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಆಮೇಲೆ ಕಾರು ಹತ್ತಿ, ತಮ್ಮ ಕಡೆಯ ಕಿಟಕಿಯನ್ನು ಪೂರ್ತಿ ಇಳಿಸಿ ಕೂತರು.